ಜಾಮೀನು ಸಿಕ್ಕರೂ ಜೈಲು

ಮಾನ್ಯರೇ,

ಜಾಮೀನು ಆದೇಶವಾದರೂ ಶ್ಯೂರಿಟಿ (ಹೊಣೆ ನಿಲ್ಲುವವರು) ಇಲ್ಲದೆ ಎಷ್ಟೋ ವಿಚಾರಣಾಧೀನ ಕೈದಿಗಳು ಒಳಗೇ ಕೊಳೆಯುತ್ತಿದ್ದಾರೆ. ಪಹಣಿ, ಆಧಾರ್ ಹಿಡಿದು ಕೋರ್ಟಿಗೆ ಬಂದು ನಿಲ್ಲುವ ಒಬ್ಬ ನೆಂಟನೂ ಅವರಿಗಿಲ್ಲ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ತೋರಿಸಿದೆ. ಜಾಮೀನು ಸಿಕ್ಕ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು; ತಿಂಗಳಾದರೂ ಜಾಮೀನು ಬಾಂಡ್ (ಹೊಣೆಪತ್ರ) ಬರದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯವೇ ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟವೂ ವಿಳಂಬಕ್ಕೆ ಕಾರಣವೆಂದು ಅದು ಗುರುತಿಸಿದೆ. ಹೊರ ರಾಜ್ಯದ ಕೂಲಿಯವನು ಇಲ್ಲಿ ಯಾರನ್ನು ತರಬೇಕು?

ಕುಟುಂಬದವರು ಪ್ರಾಧಿಕಾರಕ್ಕೆ ಅರ್ಜಿ ಕೊಡುವಾಗ ಪ್ರಕರಣದ ಸಂಖ್ಯೆ, ಆದೇಶದ ದಿನಾಂಕ ತಪ್ಪದೆ ಬರೆಯಲಿ. ಬಂಧನದಲ್ಲಿರುವವರಿಗೆ ವಕೀಲರ ನೆರವು ಉಚಿತ, ಆದಾಯ ಪ್ರಮಾಣಪತ್ರ ಬೇಕಿಲ್ಲ. ಜಾಮೀನು ಸಿಕ್ಕು 7 ದಿನವಾದರೂ ಬಿಡುಗಡೆಯಾಗದವರ ಪಟ್ಟಿಯನ್ನು ಪ್ರತಿ ಜೈಲಿನಿಂದಲೂ ಪ್ರಾಧಿಕಾರ ಕೇಳಿ ಪಡೆಯಲಿ.

– ಕೈದಿಗಳ ಕಾನೂನು ನೆರವಿನ ಕಾರ್ಯಕರ್ತರು