ಮಾತ್ರೆ ನುಂಗಲು ನಾಚಿಕೆ ಯಾಕೆ?

ಮಾನ್ಯ ಸಂಪಾದಕರೇ,

ಮೂರು ವರ್ಷದ ಹಿಂದೆ ಮಂಡ್ಯದ ಹತ್ತಿರ ನಮ್ಮ ಕಾರು ಪಲ್ಟಿಯಾಯಿತು. ಮುರಿದ ಕೈ ಬೇಗ ಕೂಡಿತು, ಆದರೆ ಲಾರಿ ಹಾರನ್ ಕೇಳಿದರೆ ಎದೆ ಡವಡವ ಎನ್ನುವುದು, ರಾತ್ರಿ ಬೆಚ್ಚಿ ಏಳುವುದು, ಆಮೇಲೆ ಏನೂ ಬೇಡ ಎನಿಸಿ ಗೋಡೆ ನೋಡುತ್ತಾ ಮಲಗುವುದು ಮಾತ್ರ ನಿಲ್ಲಲಿಲ್ಲ. ಮನೆಯವರು ದೃಷ್ಟಿ ತೆಗೆಸಿದರು, ತಾಯಿತ ಕಟ್ಟಿಸಿದರು. ಮನೋವೈದ್ಯರ ಬಳಿ ಹೋಗಿದ್ದು ಕೊನೆಗೆ.

ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತಲ್ಲ. ಗುಣ ಕಾಣಲು ಕೆಲವು ವಾರಗಳೇ ಬೇಕು. ಇದು ಗೊತ್ತಿಲ್ಲದೆ ನಾನು ಹತ್ತೇ ದಿನಕ್ಕೆ ಬಿಟ್ಟಿದ್ದೆ! ಎರಡನೇ ಸಲ ಸ್ವಲ್ಪ ಚೆನ್ನಾದ ಕೂಡಲೇ, 'ಸಾಕು ಬಿಡು, ಅಭ್ಯಾಸ ಆಗಿಬಿಡುತ್ತೆ' ಎಂದ ನೆಂಟರ ಮಾತು ಕೇಳಿ ದಿಢೀರನೆ ನಿಲ್ಲಿಸಿದೆ. ತಲೆಸುತ್ತು, ಸಿಡುಕು, ಮತ್ತೆ ಅದೇ ಗೋಡೆ. ನಿಲ್ಲಿಸುವುದಾದರೂ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕಂತೆ. ಸಕ್ಕರೆ ಕಾಯಿಲೆಯವರಿಗೆ ಯಾರೂ 'ಮಾತ್ರೆ ಸಾಕು ಬಿಡು' ಎಂದು ಉಪದೇಶ ಮಾಡುವುದಿಲ್ಲ, ಅಲ್ವಾ?

ಥೆರಪಿಯಲ್ಲಿ ಅಪಘಾತದ ಮಾತೆತ್ತಲು ನನಗೆ ನಾಲ್ಕು ಭೇಟಿ ಹಿಡಿಯಿತು. ಜತೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ಅರ್ಧ ಗಂಟೆ ನಡಿಗೆ. ಮೊದಲ ವಾರ ಚಪ್ಪಲಿ ಹಾಕುವುದೇ ದೊಡ್ಡ ಕೆಲಸವಾಗಿತ್ತು. ಈಗ ನಿದ್ದೆ ಬರುತ್ತಿದೆ.

ಆದರೆ ಖಾಸಗಿ ಥೆರಪಿ ದುಬಾರಿ, ಕೂಲಿಯವರಿಗೆ ಎಟುಕುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಪೂರ್ತಿ ಆಪ್ತಸಮಾಲೋಚಕರು ಸಿಗುವಂತಾಗಬೇಕು. ಮಾನಸಿಕ ಆರೋಗ್ಯಕ್ಕೆಂದೇ 2022ರಲ್ಲಿ ಶುರುವಾದ ಉಚಿತ ಟೆಲಿ-ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೀದಿಯಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿಲ್ಲ. ಬಸ್ ನಿಲ್ದಾಣಗಳಲ್ಲಿ ದೊಡ್ಡದಾಗಿ ಬರೆಸಲು ಏನು ಅಡ್ಡಿ?

- ಓದುಗ, ಮೈಸೂರು