ವೈರಿಂಗ್ ಗೊತ್ತಿದ್ದ ಒಬ್ಬನಿಗೆ

ಮಾರಾಯ,

ಮಸ್ಕತ್ತಲ್ಲಿ ಸೆಕೆ ಹೇಗುಂಟು? ಇಲ್ಲಿ ಉಡುಪಿಯಲ್ಲಿ ಆಟಿ ಮಳೆ, ಮೂರು ದಿನದಿಂದ ಬಟ್ಟೆ ಒಣಗಿಲ್ಲ, ಕರೆಂಟ್ ಬಂದ್ರೆ ಬಂತು ಇಲ್ಲದ್ರೆ ಇಲ್ಲ. ವಾಟ್ಸಾಪಲ್ಲಿ ಹಾಕಿದ್ರೆ ನೀ ಬ್ಲೂ ಟಿಕ್ ಮಾಡಿ ಮಲಗ್ತಿ, ಅದಕ್ಕೇ ಇಲ್ಲಿ ಎಲ್ಲರೆದುರೇ ಬರೀತಿದ್ದೇನೆ.

ಶನಿವಾರ ಮೊಬೈಲಲ್ಲಿ ಹಳೇ ಡಾಕ್ಟರ್ ಹೂ ನೋಡ್ತಾ ಕೂತಿದ್ದೆ. 1963ರಲ್ಲಿ ಶುರುವಾದ ಬಿಬಿಸಿ ಸೀರಿಯಲ್, ನಾ ನೋಡ್ತಿದ್ದದ್ದು ಪೀಟರ್ ಡೇವಿಸನ್ ಐದನೇ ಡಾಕ್ಟರ್ ಆಗಿದ್ದ ಕಾಲದ್ದು. ಡಾಕ್ಟರ್ ಅಂದ್ರೆ ಕಾಲದಲ್ಲಿ ತಿರುಗುವ ಹೀರೋ, ಸಾಯುವಾಗ ರೂಪ ಬದಲಿಸ್ತಾನೆ, ಆಗ ಹೊಸ ನಟ ಬರ್ತಾನೆ. ಅದ್ರಲ್ಲಿ ಕಮೇಲಿಯನ್ ಅಂತ ಒಂದು ಆಂಡ್ರಾಯ್ಡ್, ಅಂದ್ರೆ ಮನುಷ್ಯನ ಹಾಗಿನ ರೋಬೋಟ್, ಬರ್ತದೆ. ಅದನ್ನ ನೋಡಿ ನಿನ್ನ ನೆನಪಾಯ್ತು. ಖುಷಿಯಲ್ಲಿ ಅಲ್ಲ, ಬೈಲಿಕ್ಕೆ.

ಕಥೆ ಹೇಳ್ತೇನೆ ಕೇಳು. ಕಮೇಲಿಯನ್ ಬೇಕಾದ ರೂಪ ತಾಳ್ತಾನೆ, ಆದ್ರೆ ಅವನಿಗೆ ಬೇಕಾದದ್ದಲ್ಲ, ಯಾರ ಮನಸ್ಸು ಗಟ್ಟಿಯೋ ಅವರಿಗೆ ಬೇಕಾದದ್ದು. ಮೊದಲು ಬರುದು 1215ರ ಇಂಗ್ಲೆಂಡಿನ ಒಂದು ಕೋಟೆಯಲ್ಲಿ, ಜಾನ್ ರಾಜನ ವೇಷದಲ್ಲಿ. ಆಡಿಸ್ತಾ ಇರುದು ಮಾಸ್ಟರ್ ಅಂತ ಒಬ್ಬ ಖಳ. ಕೊನೆಗೆ ಡಾಕ್ಟರಿಗೂ ಮಾಸ್ಟರಿಗೂ ಅವನ ಮೇಲೆ ಬರೀ ಮನಸ್ಸಿನಲ್ಲೇ ಹಗ್ಗಜಗ್ಗಾಟ, ಡಾಕ್ಟರ್ ಗೆದ್ದು ಅವನನ್ನ ತನ್ನ ಟಾರ್ಡಿಸ್ ಅನ್ನುವ ಹಡಗಿಗೆ ಹತ್ತಿಸ್ಕೊಳ್ತಾನೆ. ಅದು 1983ರ ಮಾರ್ಚ್ 16ರ ಕಂತು. ಹೊಸ ಜೊತೆಗಾರ ಬಂದ ಅಂತ ಜನ ಕಾದು ಕೂತ್ರೆ ಮುಂದಿನ ಕಥೆಯಲ್ಲಿ ಅವ ಇಲ್ಲ, ಅದರ ಮುಂದಿನದ್ರಲ್ಲೂ ಇಲ್ಲ, ಸುಮಾರು ಒಂದು ವರ್ಷ ಆ ಹಡಗಿನ ಒಳಗೆ ಎಲ್ಲಿದ್ದ ಅಂತ ಯಾರೂ ಕೇಳುದೂ ಇಲ್ಲ. ಮಧ್ಯದ ಒಂದು ಕಥೆಗೆ ಅವನದ್ದೊಂದು ಸೀನ್ ತೆಗೆದಿದ್ರಂತೆ, ಅದಕ್ಕೂ ಕತ್ತರಿ ಬಿತ್ತು.

ಯಾಕೆ ಗೊತ್ತುಂಟಾ? ಅದು ವೇಷ ಹಾಕಿದ ಮನುಷ್ಯ ಅಲ್ಲ, ನಿಜವಾದ ಯಂತ್ರ. ಬೆಳ್ಳಿ ಬಣ್ಣದ ಮುಖ, ಒಳಗೆ ಮೋಟಾರು, ಜೆರಾಲ್ಡ್ ಫ್ಲಡ್ ಅನ್ನುವ ನಟ ಮೊದಲೇ ಹೇಳಿಟ್ಟ ಮಾತಿಗೆ ಬಾಯಿ ಆಡಿಸ್ಬೇಕು. ನಡೀಲಿಕ್ಕೆ ಬರುದಿಲ್ಲ. ಮೊದಲ ಸಲ ಅವನ ನಿಜರೂಪ ಕಾಣುವಾಗ ಕೂತುಕೊಂಡು ವೀಣೆಯ ಹಾಗಿನ ಲ್ಯೂಟ್ ನುಡಿಸ್ತಾ ಇರ್ತಾನೆ ನೋಡು, ಬೆರಳಿಗೂ ತಂತಿಗೂ ಸಂಬಂಧವೇ ಇಲ್ಲ, ತಲೆ ಮಾತ್ರ ಮೆಲ್ಲ ಆ ಕಡೆ ತಿರುಗ್ತದೆ, ನಂಗೆ ನಗು ಬರ್ಬೇಕಿತ್ತು, ಬರ್ಲಿಲ್ಲ. ಅದನ್ನ ಮಾಡಿದ್ದು ಇಬ್ಬರು, ಅದ್ರಲ್ಲಿ ಕಂಪ್ಯೂಟರಿನ ಕೆಲಸ ನೋಡ್ತಿದ್ದ ಮೈಕ್ ಪವರ್ ದೋಣಿ ಅಪಘಾತದಲ್ಲಿ ತೀರಿಹೋದ. ಅವ ಹೋದ ಮೇಲೆ ಅದನ್ನ ಸರಿಯಾಗಿ ಆಡಿಸುವ ಜನ ಇಲ್ಲ.

ಇಲ್ಲಿಗೆ ಬಂದಾಗ ನಾ ಪಾಝ್ ಒತ್ತಿದೆ ಮಾರಾಯ. ನಮ್ಮ ಚೌತಿ ಮೆರವಣಿಗೆಯ ರಾವಣ!

ಆ ಪುಣ್ಯಾತ್ಮ ಸತ್ತದ್ದು, ನೀ ವೀಸಾ ಬಂತು ಅಂತ ಓಡಿದ್ದು, ಅಷ್ಟೇ ವ್ಯತ್ಯಾಸ. ಚೌತಿಗೆ ಎಂಟು ದಿನ ಇರುವಾಗ! ಗುಜರಿಯಿಂದ ತಂದ ವೈಪರ್ ಮೋಟಾರು, ಲಾರಿ ಬ್ಯಾಟರಿ, ಹತ್ತು ತಲೆ, ಎಲ್ಲದಕ್ಕೂ ಒಂದೇ ಕೆಂಪು ವಯರ್, ಯಾಕಂದ್ರೆ ಒಂದೇ ಸುರುಳಿ ಕಮ್ಮಿಗೆ ಸಿಕ್ಕಿತ್ತು. ಬರೆದಿಡು ಅಂದಿದ್ದಕ್ಕೆ ನೀ ಹೇಳಿದ್ದು ನೆನಪುಂಟಾ, ಎಲ್ಲ ಮಂಡೆಯಲ್ಲುಂಟು ಅಂತ. ಮಂಡೆ ವಿಮಾನ ಹತ್ತಿತಲ್ಲ! ಮೆರವಣಿಗೆಯ ದಿನ ಮೈಕಲ್ಲಿ ಮುಂದಿನ ಸ್ತಬ್ಧಚಿತ್ರ ಅಂತ ಕೂಗಿದ್ರು, ನಮ್ಮದು ಅಕ್ಷರಶಃ ಸ್ತಬ್ಧವೇ ಆಯ್ತು. ಮೂರನೇ ತಲೆ ಒಂದು ಅರ್ಧ ಸುತ್ತು ತಿರುಗಿ ಹಿಂದೆ ನೋಡ್ತಾ ನಿಂತಿತು, ರಬ್ಬರ್ ಸುಟ್ಟ ವಾಸನೆ, ಪಕ್ಕದಲ್ಲಿ ಒಂದು ಮಗು ಅಮ್ಮನ ಹತ್ರ ರಾವಣ ಯಾರನ್ನ ಹುಡುಕುದು ಅಂತ ಕೇಳ್ತು. ನಿನ್ನನ್ನೇ ಹುಡುಕಿದ್ದು ಮತ್ತೆಂತ. ಆಮೇಲೆ ಇಬ್ಬರು ಹುಡುಗರನ್ನ ಅಡಿಯಲ್ಲಿ ಕೂರಿಸಿ ಹಗ್ಗ ಕಟ್ಟಿ ಎಳೆಸಿದ್ದು, ಜನ ಅದಕ್ಕೇ ಹೆಚ್ಚು ಚಪ್ಪಾಳೆ ತಟ್ಟಿದ್ರು, ಅದು ಬೇರೆ ವಿಷಯ.

ಬಿಬಿಸಿಯವರೂ ಕೊನೆಗೆ ಮಾಡಿದ್ದು ಅದನ್ನೇ. 1984ರ ಪ್ಲಾನೆಟ್ ಆಫ್ ಫೈರ್ ಅನ್ನುವ ಕಥೆಯಲ್ಲಿ ಕಮೇಲಿಯನ್ ಮತ್ತೆ ಬರ್ತಾನೆ, ಆದ್ರೆ ಹೆಚ್ಚು ಹೊತ್ತು ಒಬ್ಬ ನಟನ ರೂಪದಲ್ಲಿ, ಮುಖಕ್ಕೆ ಬೆಳ್ಳಿ ಬಣ್ಣ ಬಳಿದು. ನಾ ಕೇಳುದು ಇಷ್ಟೇ, ರೂಪ ಬದಲಿಸುವ ಪಾತ್ರ ಅಂದ ಮೇಲೆ ಇದು ಮೊದಲ ದಿನವೇ ಹೊಳೀಬೇಕಿತ್ತಲ್ವಾ? ನಮ್ಮ ಯಕ್ಷಗಾನದ ಆಟ ನೋಡಿದ್ರೆ ಸಾಕಿತ್ತು. ಪಂಚವಟಿಯಲ್ಲಿ ಘೋರ ಶೂರ್ಪನಖಿ ಆರ್ಭಟ ಮಾಡಿ ಒಳಗೆ ಹೋಗ್ತಾಳೆ, ಮಾಯಾ ಶೂರ್ಪನಖಿ ಬಳುಕ್ತಾ ಹೊರಗೆ ಬರ್ತಾಳೆ, ಬಣ್ಣದ ವೇಷದವ ಬೇರೆ ಸ್ತ್ರೀವೇಷದವ ಬೇರೆ ಅಂತ ಅಜ್ಜಿಗೂ ಗೊತ್ತು ಮಗುವಿಗೂ ಗೊತ್ತು, ಆದ್ರೂ ಒಬ್ಬಳೇ ಅಂತ ಒಪ್ಪಿ ಬೆಳಗಿನವರೆಗೆ ಕೂರ್ತೇವೆ. ಯಂತ್ರ ಇದ್ರೆ ಚಂದ, ಇಲ್ಲದಿದ್ರೆ ಬಣ್ಣ ಹಚ್ಚುವ ಚೌಕಿಯಿಂದ ಇನ್ನೊಬ್ಬ ಬರ್ತಾನೆ.

ಆ ಕಥೆ ಶೂಟ್ ಮಾಡಿದ್ದು ಸ್ಪೇನಿನ ಲಾನ್ಸರೋಟೆ ದ್ವೀಪದಲ್ಲಿ, ಕಪ್ಪು ಲಾವಾ ಕಲ್ಲಿನ ಊರು. ಮಾಸ್ಟರ್ ಪುನಃ ಕಮೇಲಿಯನ್ನನ ಮನಸ್ಸು ಹಿಡೀತಾನೆ. ಡಾಕ್ಟರ್ ಹೇಳಿದ್ರೆ ಡಾಕ್ಟರಿನ ಕಡೆ, ಮಾಸ್ಟರ್ ಹೇಳಿದ್ರೆ ಮಾಸ್ಟರಿನ ಕಡೆ, ಮಧ್ಯದಲ್ಲಿ ಅವನದ್ದೇ ಒಂದು ಧ್ವನಿ ಬರ್ಲಿಕ್ಕೆ ನೋಡ್ತದೆ, ಕೂಡಲೇ ಹೋಗ್ತದೆ. ಕೊನೆಗೆ ಬಿದ್ದು ಒದ್ದಾಡುವಾಗ ಅವನೇ ಡಾಕ್ಟರ್ ಹತ್ರ ಬೇಡಿಕೊಳ್ತಾನೆ, ನನ್ನನ್ನ ಮುಗಿಸಿಬಿಡು ಅಂತ. ಇಡೀ ಸೀರಿಯಲಲ್ಲಿ ಅವ ತನಗೆ ಅಂತ ಕೇಳಿದ್ದು ಅದೊಂದೇ ಅಂತ ನಂಗೆ ಕಾಣ್ತದೆ. ಡಾಕ್ಟರ್ ಮಾಸ್ಟರಿನ ಆಯುಧದಿಂದಲೇ ಮುಗಿಸ್ತಾನೆ, ಮುಖ ನೋಡ್ಬೇಕು ಡೇವಿಸನ್‌ದು, ಮಾತೇ ಇಲ್ಲ. ಅದರ ನಂತರದ ಕಥೆಯಲ್ಲಿ ಡಾಕ್ಟರೇ ಸಾಯುವಾಗ ಸುತ್ತ ತೇಲುವ ಜೊತೆಗಾರರ ಮುಖಗಳಲ್ಲಿ ಆ ಬೆಳ್ಳಿ ಮುಖವೂ ಒಂದು. ಆ ಕಂತು ಬಂದದ್ದು 1984ರ ಮಾರ್ಚ್ 16ಕ್ಕೆ. ಹತ್ತಿಸ್ಕೊಂಡು ಸರಿಯಾಗಿ ಒಂದು ವರ್ಷ.

ನಾ ಅಲ್ಲಿಂದ ಎದ್ದು ಟಾರ್ಚ್ ಹಿಡ್ಕೊಂಡು ಹಿಂದಿನ ಕೊಟ್ಟಿಗೆಗೆ ಹೋದೆ. ರಾವಣ ಟಾರ್ಪಾಲು ಹೊದ್ದು ಅಲ್ಲೇ ಇದ್ದಾನೆ, ಎರಡು ತಲೆ ಇಲಿ ತಿಂದಿದೆ, ಮೂರನೆಯದ್ದು ಈಗಲೂ ಹಿಂದೆ ನೋಡ್ತಾ ಉಂಟು. ಹುಡುಗರು ಈ ಚೌತಿಗೆ ಮತ್ತೆ ಇಳಿಸುವ ಅಂತಿದ್ದಾರೆ, ಅಡಿಯಲ್ಲಿ ಹಗ್ಗವೂ ಕಟ್ಟಿಟ್ಟಿದ್ದೇನೆ, ನಿನ್ನ ನಂಬಿ ಕೂರುವ ಕಾಲ ಹೋಯ್ತು.

ಆದ್ರೂ ಒಂದು ಕೇಳ್ತೇನೆ. ಏಳನೇ ತಲೆಯ ಹಿಂದೆ ಎರಡು ವಯರಿಗೆ ನೀ ಗಂಟು ಹಾಕಿಟ್ಟದ್ದುಂಟು, ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು. ಯಾವುದು ಬ್ಯಾಟರಿಗೆ? ಫೋಟೋ ಹಾಕಿದ್ದೇನೆ, ಗುರುತು ಮಾಡಿ ಕಳಿಸು. ಶುಕ್ರವಾರ ನಿಂಗೆ ರಜೆ ಅಂತ ಗೊತ್ತುಂಟು ನಂಗೆ.