ಮುಖ ನೋಡದವರಿಗೂ ಸೇರಿಸಿ ಥ್ಯಾಂಕ್ಸ್

ವರ್ಷದ ಎಂಆರ್‌ಐ ರಿಪೋರ್ಟ್ ಬಂತು. ಆಪರೇಷನ್ ಮಾಡಿ ತೆಗೆದ ಬೆನ್ನುಹುರಿಯ ಗಡ್ಡೆ ಮತ್ತೆ ಬೆಳೆದಿಲ್ಲ. ಫೋನ್ ಮಾಡಿ ಕೇಳುತ್ತಿರುವವರಿಗೆಲ್ಲ ಇಲ್ಲೇ ಹೇಳಿಬಿಡುತ್ತೇನೆ.

ಅದರ ಹೆಸರು ಹೆಮಾಂಜಿಯೋಬ್ಲಾಸ್ಟೋಮಾ. ಬೆನ್ನುಹುರಿಯಲ್ಲಿ ಅಪರೂಪಕ್ಕೆ ಬರುವ, ಒಳಗೆಲ್ಲ ಸಣ್ಣ ಸಣ್ಣ ರಕ್ತನಾಳಗಳೇ ತುಂಬಿದ ಗಡ್ಡೆ. ಕ್ಯಾನ್ಸರ್ ಅಲ್ಲ. ಆದರೆ ಬೆನ್ನುಹುರಿ ಇರುವುದೇ ಕಿರುಬೆರಳಿನಷ್ಟು ದಪ್ಪ, ಅಲ್ಲಿ ಜಾಗ ಎಲ್ಲಿದೆ ಹೇಳಿ? ನನ್ನದರಲ್ಲಿ ಗಡ್ಡೆಗಿಂತ ಅದರ ಪಕ್ಕ ನೀರು ತುಂಬಿಕೊಂಡ ಚೀಲವೇ ದೊಡ್ಡದಿತ್ತು. ನರಗಳನ್ನು ಜಾಸ್ತಿ ಒತ್ತುತ್ತಿದ್ದದ್ದೂ ಅದೇ.

ಮೊದಲ ಥ್ಯಾಂಕ್ಸ್ ನಮ್ಮೂರ ಡಾಕ್ಟರಿಗೆ. ಚಪ್ಪಲಿ ಕಾಲಿಂದ ಜಾರಿ ಹಿಂದೆ ಉಳಿದದ್ದು ನನಗೆ ಗೊತ್ತೇ ಆಗುತ್ತಿರಲಿಲ್ಲ, ಹೊಲಿಗೆ ಮೆಷಿನ್ನಿನ ಪೆಡಲ್ ಮೇಲೆ ಕಾಲಿದೆಯಾ ಅಂತ ಬಗ್ಗಿ ನೋಡಬೇಕಿತ್ತು. ಬಿ12 ಕಮ್ಮಿ, ವಯಸ್ಸಾಯ್ತು ಅಂತ ಸುಮಾರು ಜನ ಹೇಳಿದ್ದರು. ಇವರು ಮಾತ್ರ "ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ಓಲಾಡ್ತೀರೇನಮ್ಮಾ?" ಅಂದರು. ಹೌದಲ್ಲ! ಬಚ್ಚಲಲ್ಲಿ ಗೋಡೆ ಹಿಡಿದೇ ಮುಖ ತೊಳೆಯುತ್ತಿದ್ದೆ. ಅವತ್ತೇ ಎಂಆರ್‌ಐಗೆ ಬರೆದುಕೊಟ್ಟರು.

ಬೆಂಗಳೂರಿನ ಸರ್ಜನ್ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಇದನ್ನು ಚೂರು ಚೂರಾಗಿ ಕೀಳುವಂತಿಲ್ಲ, ವಿಪರೀತ ರಕ್ತ ಹೋಗುತ್ತದೆ. ಮೊದಲು ಅದಕ್ಕೆ ರಕ್ತ ತರುವ ನಾಳಗಳನ್ನು ಒಂದೊಂದಾಗಿ ಮುಚ್ಚಬೇಕು, ರಕ್ತ ಹೊರಗೆ ಒಯ್ಯುವ ನಾಳ ಕೊನೆಗೆ, ಆಮೇಲೆ ಇಡಿಯಾಗಿ ತೆಗೆಯಬೇಕು, ಅದೂ ಮೈಕ್ರೋಸ್ಕೋಪ್ ಕೆಳಗೆ. ಅಷ್ಟು ಹೊತ್ತೂ ನನ್ನ ಕೈಕಾಲಿನ ಸಿಗ್ನಲ್ ಬರುತ್ತಿದೆಯಾ ಅಂತ ಮಾನಿಟರ್ ಮುಂದೆ ಒಬ್ಬರು ಕೂತಿದ್ದರಂತೆ. ಅವರ ಮುಖ ನಾನು ನೋಡಿಲ್ಲ. ಅನಸ್ತೇಶಿಯಾ ಡಾಕ್ಟರ ಕಣ್ಣಷ್ಟೇ ನೆನಪು. ರಕ್ತ ಕೊಡಲು ಬೆಳಗಿನ ಬಸ್ಸಿಗೆ ಬಂದ ಹುಡುಗರನ್ನೂ ನೋಡಲಾಗಲಿಲ್ಲ. ಅಷ್ಟು ರಕ್ತ ನನಗೆ ಬೇಕಾಗಲಿಲ್ಲ, ಬೇರೆ ಯಾರಿಗೋ ಹೋಗಿರುತ್ತದೆ. ಒಳ್ಳೆಯದೇ ಆಯಿತು.

ಆಪರೇಷನ್ ಆದಮೇಲೆ ಮೊದಮೊದಲು ಕಾಲು ಇನ್ನೂ ಮರಗಟ್ಟಿತ್ತು. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರು, ಆದರೂ ಅತ್ತುಬಿಟ್ಟೆ. ಫಿಸಿಯೋಥೆರಪಿ ಹುಡುಗಿ ಅಳಲು ಬಿಟ್ಟು, ಆಮೇಲೆ ದೊಡ್ಡ ಕನ್ನಡಿ ಮುಂದೆ ನಿಲ್ಲಿಸಿದಳು. "ಕಾಲು ಹೇಳಲ್ಲ ಆಂಟಿ, ಕಣ್ಣಲ್ಲಿ ನೋಡ್ಕೊಂಡು ಹೆಜ್ಜೆ ಇಡಿ." ಹಾಗೇ ನಡೆಯಲು ಕಲಿತೆ. ಎಡ ಪಾದ ಇವತ್ತಿಗೂ ಸ್ವಲ್ಪ ಜೋಮು. ಬಿಸಿನೀರನ್ನು ಕೈಯಲ್ಲಿ ಮುಟ್ಟಿ ನೋಡದೆ ಕಾಲಿಗೆ ಹಾಕಿಕೊಳ್ಳುವುದಿಲ್ಲ. ನಾನು ಮತ್ತೆ ಮೆಷಿನ್ ಮುಂದೆ ಕೂರುವವರೆಗೂ ಬ್ಲೌಸ್ ಪೀಸ್ ವಾಪಸ್ ಕೇಳದೆ ಕಾದ ಗಿರಾಕಿಗಳಿಗೆ ಏನು ಹೇಳಲಿ!

ಕೊನೆಗೆ ಅಕ್ಕ. ಈ ಗಡ್ಡೆ ಕೆಲವರಿಗೆ ವಾನ್ ಹಿಪ್ಪೆಲ್-ಲಿಂಡೌ ಅನ್ನುವ, ವಂಶದಲ್ಲಿ ಬರುವ ಕಾಯಿಲೆಯ ಭಾಗವಾಗಿ ಬರುತ್ತದೆ. ಹಾಗಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೆ ಕಣ್ಣು, ಕಿಡ್ನಿ ಎಲ್ಲ ನೋಡಿ, ಜೀನ್ ಟೆಸ್ಟಿಗೂ ಕಳಿಸಿದರು. ಆಪರೇಷನ್‌ಗಿಂತ ನನಗೆ ಭಯ ಆದದ್ದು ಆ ರಿಪೋರ್ಟಿಗೆ, ಮಗಳ ಮುಖ ನೋಡಲಾಗುತ್ತಿರಲಿಲ್ಲ. ಅಕ್ಕ ಪ್ರತಿ ಸಲ ಜೊತೆಗೆ ಬಂದು ಸುಮ್ನೆ ಕೂತಳು, ಧೈರ್ಯ ಗೀರ್ಯ ಹೇಳಲಿಲ್ಲ. ನೆಗೆಟಿವ್ ಅಂತ ಬಂದ ದಿನ ಕ್ಯಾಂಟೀನಿನಲ್ಲಿ ಅವಳು ಎರಡು ಪ್ಲೇಟ್ ಇಡ್ಲಿ-ವಡೆ ಹೊಡೆದು, ನನಗೆ ಒಂದೇ ಕೊಡಿಸಿ, ಬಿಲ್ಲನ್ನೂ ನನ್ನ ಕೈಲೇ ಕೊಡಿಸಿದಳು. ಅದಕ್ಕೂ ಥ್ಯಾಂಕ್ಸ್ ಕಣೇ.